ತೇಜವೆಂದು ತಿಳಿದ ಕೆಂಪು

ಹುಮನಾಬಾದಿನಲ್ಲಿ ಚಳಿಗಾಲದಲ್ಲೂ ಛತ್ರಿ ಹಿಡಿದು ಹಾಲು ತರಲು ಹೋಗುವ ಹೆಂಗಸು ಯಾರೆಂದು ಕೇಳಿದರೆ ನಮ್ಮ ಓಣಿಯಲ್ಲಿ ಯಾರಾದರೂ ನನ್ನ ಮನೆ ತೋರಿಸುತ್ತಾರೆ. ಉದ್ದ ತೋಳಿನ ರವಿಕೆ, ಕೈಗೆ ಗವಸು, ತಲೆಯ ಮೇಲೆ ಸೆರಗು, ಅದರ ಮೇಲೆ ಛತ್ರಿ. ಹೊಸದರಲ್ಲಿ ಹಾಲಿನವನು, "ಬಾಯಾರ, ಮಳಿ ಎಲ್ಲದರಿ? ನಮಗಂತೂ ಕಾಣವಲ್ದು" ಎಂದು ನಗುತ್ತಿದ್ದ. "ನನ್ನ ಪಾಲಿಗಿ ದಿನಾ ಮಳಿನೇ ಅದಪ್ಪಾ" ಎಂದು ನಾನೂ ನಗುತ್ತಿದ್ದೆ. ಎಲ್ಲರಿಗೂ ರೋಗದ ಹೆಸರು ಹೇಳುವುದು, ಅವರು ಮುಖ ಸಣ್ಣದು ಮಾಡಿ ಅಯ್ಯೋ ಪಾಪ ಅನ್ನುವುದು, ಆಮೇಲೆ ಯಾವುದೋ ಊರಿನ ಯಾವುದೋ ಬೇರು ತರಿಸಿಕೊಡುತ್ತೇನೆ ಅನ್ನುವುದು, ಇದೆಲ್ಲ ನನಗೆ ಆಗಿಬರುವುದಿಲ್ಲ. ಕನಿಕರಕ್ಕಿಂತ ಚೇಷ್ಟೆಯೇ ವಾಸಿ.

ಅಂಥವಳು ಈಗ ಯಾಕೆ ಬರೆಯಲು ಕೂತೆ ಎಂದರೆ, ಹೋದ ಸಲ ತಪಾಸಣೆಗೆ ಹೈದರಾಬಾದಿಗೆ ಹೋದಾಗ ದವಾಖಾನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ನನ್ನ ಪಕ್ಕ ಕೂತಿದ್ದಳು. ಔರಾದ ಕಡೆಯವಳು. ರೋಗದ ಹೆಸರು ಅವತ್ತೇ ಗೊತ್ತಾಗಿತ್ತು. "ಇದು ಯಾವ ಪಾಪಕ್ಕ ಬಂತ್ರಿ ಅಕ್ಕಾ?" ಎಂದು ಕೇಳಿದಳು. ಉತ್ತರ ಕೊಡುವಷ್ಟರಲ್ಲಿ ನನ್ನ ಹೆಸರು ಕೂಗಿದರು. ಹೊರಗೆ ಬಂದಾಗ ಅವಳಿರಲಿಲ್ಲ. ಅವಳಿಗೆ ಹೇಳಲಾಗದೆ ಉಳಿದದ್ದು ಇದು.

ನನ್ನ ತವರು ಬಸವಕಲ್ಯಾಣ. ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಅಪ್ಪನ ತಾಮ್ರ ಹಿತ್ತಾಳೆಯ ಪಾತ್ರೆ ಅಂಗಡಿ, ಅದರ ಮೇಲೆಯೇ ಮನೆ. ಅಪ್ಪ ಮತ್ತು ಕಾಕಾನ ಕುಟುಂಬ ಕೂಡಿಯೇ ಇದ್ದವು. ನಮ್ಮ ಓಣಿಯಲ್ಲಿ ಬೆಳಗ್ಗೆ ಬಹಳ ಮಂದಿ ಅಂಗೈಯಲ್ಲಿ ಲಿಂಗ ಹಿಡಿದು ಕೂರುವವರು. ಅಪ್ಪ ಮಾತ್ರ ಮಾಳಿಗೆ ಏರಿ ಮೂಡಣಕ್ಕೆ ಮುಖ ಮಾಡಿ ನಿಲ್ಲುವವನು. ತಾಮ್ರದ ತಂಬಿಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ನೀರು ಧಾರೆಯಾಗಿ ಬಿಡುತ್ತ ಸೂರ್ಯನ ಹನ್ನೆರಡು ಹೆಸರು ಹೇಳುತ್ತಿದ್ದ. ಅವನ ಅಜ್ಜನಿಂದ ಬಂದದ್ದಂತೆ. ನನಗೆ ಒಡಹುಟ್ಟಿದವರಿಲ್ಲ. ಹಾಗಾಗಿ ಅವನು ಅದನ್ನು ನನಗೇ ಕಲಿಸಿದ. ಅತ್ತೆ, ಅಂದರೆ ಅಪ್ಪನ ಅಕ್ಕ, ಒಮ್ಮೆ ನೋಡಿ ಸಿಟ್ಟಾದಳು.

"ಹೆಣ್ಣ ಹುಡುಗಿಗಿ ಮಂತ್ರ ಕಲಸಾಕತ್ತಿಯೇನೋ? ಮಂದಿ ಏನಂದಾರು?"

"ಬಿಸಲೇನು ಹೆಣ್ಣು ಗಂಡು ನೋಡಿ ಬೀಳ್ತದೇನಕ್ಕಾ?" ಅಂದ ಅಪ್ಪ.

ಹನ್ನೆರಡು ಹೆಸರಲ್ಲಿ ಮೊದಲನೆಯದು ಮಿತ್ರ. ಓಂ ಮಿತ್ರಾಯ ನಮಃ. ಮಿತ್ರ ಅಂದರೆ ಗೆಳೆಯ ಎಂದು ಅಪ್ಪ ಹೇಳಿದಾಗ ನನಗೆ ಬಹಳ ಖುಷಿಯಾಗಿತ್ತು. ಬೇರೆ ದೇವರನ್ನು ಸ್ವಾಮಿ, ಒಡೆಯ ಎಂದು ಕರೆದು ಕೈಕಟ್ಟಿ ನಿಲ್ಲಬೇಕು. ಈ ದೇವರ ಜೊತೆ ಗೆಳೆಯಾ ಎಂದೇ ಮಾತು ಶುರು ಮಾಡಬಹುದು. ಮದುವೆಯಾಗಿ ಹುಮನಾಬಾದಿಗೆ ಹೊರಟ ದಿನ ನಾನು ಬಿಡದೆ ಅತ್ತಾಗ ಅಪ್ಪ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, "ನೀ ಅಲ್ಲಿ ನಿಂತು ನೋಡ್ತಿ, ನಾ ಇಲ್ಲಿ ನಿಂತು ನೋಡ್ತೀನಿ. ಇಬ್ಬರೂ ಒಬ್ಬನ್ನೇ ನೋಡೂದಂದ್ರ ದೂರ ಹ್ಯಾಂಗಾತು?" ಅಂದಿದ್ದ. ಆ ಮಾತನ್ನು ನಾನು ನಂಬಿದೆ. ದಿನಾ ಬೆಳಗ್ಗೆ ಹುಮನಾಬಾದಿನ ನಮ್ಮ ಮಾಳಿಗೆಯ ಮೇಲೆ ನಿಂತು ಹೆಸರು ಹೇಳುವಾಗ ಬಸವಕಲ್ಯಾಣದಲ್ಲಿ ಅಪ್ಪನ ಕೈಯಿಂದಲೂ ಅದೇ ಹೊತ್ತಿಗೆ ನೀರು ಬೀಳುತ್ತಿದೆ ಅಂದುಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನನಗೆ ತವರಿನ ನೆನಪು ಕಾಡಿದ್ದೇ ಇಲ್ಲ.

ನಮ್ಮದು ಇಬ್ಬರದೇ ಸಂಸಾರ. ನಮ್ಮ ಮನೆಯವರು ಊರ ಹೊರಗಿನ ಔಷಧಿ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸಕ್ಕಿದ್ದಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ರೋಗ ಮೊದಲು ಕಂಡದ್ದು ಕತ್ತರಿಯಲ್ಲಿ. ಬೆಳಗ್ಗೆ ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ಹೋಗದಷ್ಟು ಊದಿರುತ್ತಿತ್ತು. ಆಮೇಲೆ ಬಾಚಣಿಗೆ ತುಂಬ ಕೂದಲು. ಸಂಜೆಯಾದರೆ ಸಣ್ಣ ಜ್ವರ. ಇಲ್ಲಿನ ಡಾಕ್ಟರರೊಬ್ಬರು ವಾತ ಅಂದರು, ಇನ್ನೊಬ್ಬರು ರಕ್ತ ಕಡಿಮೆ ಅಂದರು. ಗುಳಿಗೆ ತಿಂದರೆ ಒಂದು ವಾರ ಚೆನ್ನಾಗಿರುತ್ತಿದ್ದೆ, ಮತ್ತೆ ಅದೇ ಹಾಡು. ಅಷ್ಟರಲ್ಲಿ ಎರಡೂ ಕೆನ್ನೆಯ ಮೇಲೆ, ಮೂಗಿನ ಮೇಲಿಂದ ಹಾದು, ಒಂದು ಕೆಂಪು ಹರಡಿತು. ನೋವಿಲ್ಲ, ಕೆರೆತವಿಲ್ಲ. ಯಾರೋ ಕುಂಕುಮ ನೀರಲ್ಲಿ ಕಲಸಿ ಹಚ್ಚಿದ ಹಾಗೆ.

ಸುದ್ದಿ ಕೇಳಿ ಅಪ್ಪ ಬಸ್ಸು ಹತ್ತಿ ಬಂದ. ನನ್ನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತ.

"ನಡಿ ಕಲ್ಯಾಣಕ್ಕ," ಅಂದ. "ರಥಸಪ್ತಮಿ ಬಂತು. ಅವತ್ತಿಂದ ಒಂದ್ ಮಂಡಲ ಬಿಸಲಾಗ ಕುಂತು ಜಪಾ ಮಾಡೂನು. ಆರೋಗ್ಯ ಬೇಕಂದ್ರ ಅವನ್ನ ಬಿಟ್ಟು ಯಾರ್ನ ಕೇಳ್ತಿ? ನಾನೂ ನಿನ್ನ ಬಾಜೂ ಕುಂದರ್ತೀನಿ."

ನಮ್ಮ ಮನೆಯವರು ಅನುಮಾನಿಸಿದರು. "ಮಾವ, ಮದ್ಲ ಹೈದ್ರಾಬಾದಿಗಿ ಒಯ್ದು ತೋರಸೂನ್ರಿ."

"ತೋರಸೂನಪಾ, ನಾ ಬ್ಯಾಡ ಅನ್ನಂಗಿಲ್ಲ. ಇದೊಂದು ಆಗ್ಲಿ, ಆಮ್ಯಾಲ ತೋರಸೂನು."

ಅಪ್ಪ ಒತ್ತಾಯ ಮಾಡಿದ ಎಂದು ಯಾರೂ ತಿಳಿಯಬಾರದು. ನನಗೇ ಹೋಗುವ ಆಸೆಯಿತ್ತು. ಗುಳಿಗೆಗಳ ಮೇಲಿದ್ದ ನಂಬಿಕೆ ಅಷ್ಟಕ್ಕಷ್ಟೇ, ಅಪ್ಪನ ಸೂರ್ಯನ ಮೇಲಿದ್ದದ್ದು ಹುಟ್ಟಿದಾಗಿನಿಂದ ಬಂದದ್ದು.

ರಥಸಪ್ತಮಿಯ ದಿನ ತಲೆಯ ಮೇಲೆ ಎಕ್ಕದ ಎಲೆ ಇಟ್ಟು ಸ್ನಾನವಾಯಿತು. ಮಾಳಿಗೆಯ ಮೇಲೆ ಸಗಣಿ ಕುಳ್ಳಿನ ಬೆಂಕಿ ಮಾಡಿ ಹೊಸ ಮಣ್ಣಿನ ಗಡಿಗೆಯಲ್ಲಿ ಹಾಲಿಟ್ಟೆವು. ಹಾಲು ಮೂಡಣದ ಕಡೆಗೇ ಉಕ್ಕಿತು. ಅಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಅವತ್ತಿನಿಂದಲೇ ಇಬ್ಬರೂ ಕಂಬಳಿ ಹಾಸಿ ಪಕ್ಕಪಕ್ಕ ಕೂತೆವು. ಸೂರ್ಯ ಹುಟ್ಟಿದಾಗ ಕೂತರೆ ಫರಸಿ ಕಲ್ಲು ಕಾದು ಅಂಗಾಲು ಇಡಲಾಗದಷ್ಟು ಆದ ಮೇಲೆ ಏಳುತ್ತಿದ್ದೆವು. ತಲೆಯ ಮೇಲೆ ಏನೂ ಹಾಕಿಕೊಳ್ಳಬಾರದು ಎಂದು ನೇಮ. ಅಪ್ಪನೂ ಟೋಪಿ ತೆಗೆದಿಡುತ್ತಿದ್ದ. ನಮ್ಮ ಕಡೆಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಶಿವರಾತ್ರಿ ದಾಟಿದರೆ ಅದು ಬೆಳಗ್ಗೆಯೇ ಬೆನ್ನು ಹತ್ತುತ್ತದೆ.

ಜ್ವರ ಹೆಚ್ಚಾಯಿತು. ಬಾಯೊಳಗೆ ಹುಣ್ಣಾಗಿ ರೊಟ್ಟಿ ತಿನ್ನಲಾಗದೆ ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದೆ. ಅಪ್ಪ ಹೆದರಲಿಲ್ಲ. "ಒಳಗಿನ ಉರಿ ಹೊರಗ ಬರಾಕತ್ತದ ತಾಯಿ, ಜರಾ ತಡಕೋ" ಅನ್ನುತ್ತಿದ್ದ. ಕೆನ್ನೆಯ ಕೆಂಪು ದಿನದಿಂದ ದಿನಕ್ಕೆ ಗಾಢವಾಯಿತು, ಹೊಳೆಯತೊಡಗಿತು. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಹಾಕುತ್ತಿದ್ದ ಗಂಗಮ್ಮ ಎಂಬ ಹಿರಿಯಳು ಒಂದು ದಿನ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು ನಿಂತುಬಿಟ್ಟಳು.

"ಅಯ್ ಶಿವನೇ, ಏನ್ ತೇಜ ಬಂದದವ್ವಾ ಮಾರಿ ಮ್ಯಾಲ! ಸೂರ್ಯಪ್ಪ ಬಂದು ಕುಂತಾನ ನೋಡ್ರಿ ಅಕಿ ಗಲ್ಲದಾಗ!"

ಅಪ್ಪ ತಿರುಗಿ ನೋಡಿದ. ಆ ನೋಟ ನನಗೆ ಮರೆಯುವುದಿಲ್ಲ. ಅವನ ಕಣ್ಣು ತುಂಬಿ ಬಂದಿತ್ತು. ಮಗಳಿಗೆ ದೇವರು ಒಲಿದ ಎಂದು ಅವನು ನಿಜವಾಗಿ ನಂಬಿದ. ಅವತ್ತು ಸಂಜೆ ಅಂಗಡಿಗೆ ಬಂದ ಪರಿಚಯದವರನ್ನೆಲ್ಲ ಮೇಲೆ ಕರೆದು ತೋರಿಸಿದ. ಗಂಗಮ್ಮ ತನ್ನ ಮೊಮ್ಮಗುವನ್ನು ತಂದು ನನ್ನ ಮಡಿಲಲ್ಲಿ ಹಾಕಿ ತಲೆ ಮುಟ್ಟಿಸಿಕೊಂಡು ಹೋದಳು. ನಾನೂ ಕನ್ನಡಿಯಲ್ಲಿ ನೋಡಿಕೊಂಡೆ. ಮೈ ಜ್ವರದಲ್ಲಿ ಬೇಯುತ್ತಿತ್ತು. ಆದರೂ ಒಳಗೊಳಗೇ ಹೆಮ್ಮೆ. ಇಷ್ಟು ಚಂದ ನಾನು ಹಿಂದೆಂದೂ ಕಂಡಿರಲಿಲ್ಲ.

ನಲವತ್ತೆಂಟು ದಿನದ ಮಂಡಲ ಮುಗಿಯಲಿಲ್ಲ. ಕಾಲು ಊದಿ ಕಾಲುಂಗುರ ಮಾಂಸದೊಳಗೆ ಇಳಿಯಿತು. ಒಂದು ಬೆಳಗ್ಗೆ ಜಪದ ನಡುವೆ ಪೂಷ್ಣೇ ನಮಃ ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಮುಂದಿನ ಹೆಸರು ಬರಲಿಲ್ಲ. ಚಿಕ್ಕವಳಿದ್ದಾಗಿನಿಂದ ನಿದ್ದೆಯಲ್ಲೂ ಬರುತ್ತಿದ್ದ ಹೆಸರು. ಅಪ್ಪ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಆ ಹೆಸರನ್ನು ಹೇಳಿಕೊಡುತ್ತಿದ್ದದ್ದು ಕೇಳಿಸುತ್ತಿತ್ತು, ಬಾಯಿ ತಿರುಗಲಿಲ್ಲ. ಹಾಗೇ ಪಕ್ಕಕ್ಕೆ ಬಿದ್ದೆ. ಸೂರ್ಯನಿಗೆಂದು ತುಂಬಿಟ್ಟಿದ್ದ ನೀರನ್ನು ಅಪ್ಪ ನನ್ನ ಮುಖಕ್ಕೆ ಸುರಿದನಂತೆ.

ನಮ್ಮ ಮನೆಯವರು ಗಾಡಿ ಮಾಡಿಕೊಂಡು ಬಂದರು. ಯಾರ ಮೇಲೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅಪ್ಪ ಆಮೇಲೆ ಎಷ್ಟೋ ಸಲ ಅಂದಿದ್ದಾನೆ.

ಹೈದರಾಬಾದಿನ ಆ ದವಾಖಾನೆಯ ಕಾಯುವ ಕೋಣೆಯಲ್ಲಿ ಗೋಡೆಗೆ ಒಂದು ಟಿವಿ ಇತ್ತು, ಅದಕ್ಕೆ ದನಿ ಇರಲಿಲ್ಲ. ಅಡುಗೆ ಮಾಡುವ ಹೆಂಗಸೊಬ್ಬಳು ಅದರಲ್ಲಿ ಬಾಯಿ ಆಡಿಸುತ್ತಲೇ ಇದ್ದಳು. ಸುತ್ತ ಕೂತವರಲ್ಲಿ ಹೆಚ್ಚಿನವರು ಹೆಂಗಸರು. ಎದುರಿನ ಬೆಂಚಿನ ಹುಡುಗಿಯ ಕೆನ್ನೆಯಲ್ಲೂ ಅದೇ ಕೆಂಪು. ಅವಳ ಆಚೆ ಕೂತವಳ ಕೆನ್ನೆಯಲ್ಲೂ. ಸೂರ್ಯ ಇಷ್ಟು ಜನಕ್ಕೆ ಒಲಿದಿದ್ದಾನೆಯೇ ಎಂದು ಒಂದು ಕ್ಷಣ ಅನ್ನಿಸಿತು. ಅಪ್ಪನ ಕಡೆ ನೋಡಿದೆ. ಅವನೂ ಅವರನ್ನೇ ನೋಡುತ್ತಿದ್ದ.

ಡಾಕ್ಟರಮ್ಮನಿಗೆ ತೆಲುಗು, ಹಿಂದಿ ಬರುತ್ತಿತ್ತು. ಬಿಸಿಲಿನಲ್ಲಿ ಎಷ್ಟು ಹೊತ್ತು ಇರುತ್ತೀರಿ ಎಂದು ಕೇಳಿದರು. ಅಪ್ಪ ಕುರ್ಚಿಯಿಂದ ಎದ್ದು, ಮಾಸ್ತರರ ಮುಂದೆ ನಿಂತವನ ಹಾಗೆ ನಿಂತು, ತನಗೆ ಬರುವ ದಖನಿ ಉರ್ದುವಿನಲ್ಲಿ ಎಲ್ಲ ಹೇಳಿದ. ರಥಸಪ್ತಮಿ, ಜಪ, ತಲೆಗೆ ಬಟ್ಟೆ ಇಲ್ಲದೆ ಕೂತದ್ದು, ಕೆಂಪು ಏರಿದ್ದು, ಅದನ್ನು ತೇಜ ಅಂದದ್ದು. ಒಂದನ್ನೂ ಮುಚ್ಚಿಡಲಿಲ್ಲ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಕೇಳಿದರು. ಬೈಯಲಿಲ್ಲ. ಇದಕ್ಕೆ ಲೂಪಸ್ ಅನ್ನುತ್ತಾರೆ, ಕೆನ್ನೆಯ ಮೇಲಿನದು ಅದರ ಗುರುತು, ಬಿಸಿಲು ಬಿದ್ದಷ್ಟೂ ಈ ರೋಗ ಏರುತ್ತದೆ, ಈಗ ಮೂತ್ರಪಿಂಡಕ್ಕೂ ಇಳಿದಿದೆ ಎಂದು ನಿಧಾನವಾಗಿ ಹೇಳಿದರು. ಇನ್ನು ಮುಂದೆ ಇವರು ಬಿಸಿಲಿಗೆ ಮೈ ಒಡ್ಡುವ ಹಾಗಿಲ್ಲ.

"ಬೆಳಗಿನ ಎಳೆ ಬಿಸಿಲೂ ಅಷ್ಟೇನಾ ಅಮ್ಮಾ?" ಎಂದು ಅಪ್ಪ ದಖನಿಯಲ್ಲೇ ಕೇಳಿದ. ಅವನ ದನಿ ಬೇಡುವವನ ದನಿಯ ಹಾಗಿತ್ತು.

ಅದೂ ಅಷ್ಟೇ ಅಂದರು ಅವರು.

ಅಪ್ಪ ನನ್ನ ಮುಖ ನೋಡಿದ. ಅವತ್ತು ಹಾಗೆ ನೋಡಿದವನು ಆಮೇಲೆ ಬಹಳ ಕಾಲ ನನ್ನ ಮುಖವನ್ನು ನೇರವಾಗಿ ನೋಡಲಿಲ್ಲ. ಮಾತಾಡುವಾಗ ನನ್ನ ಕಿವಿಯನ್ನೋ ಗೋಡೆಯನ್ನೋ ನೋಡುತ್ತಿದ್ದ.

ಚಿಕಿತ್ಸೆಯ ವಿವರ ಬೇಡ. ಸೂಜಿ, ಬಾಟಲಿ, ವಾಂತಿ, ಮತ್ತೆ ಸೂಜಿ, ಇಷ್ಟೇ. ಗುಳಿಗೆಗೆ ಮುಖ ಊದಿ ದುಂಡಗಾಯಿತು. "ನಾವು ಪ್ಯಾಕ್ ಮಾಡಿದ್ದೆಲ್ಲಾ ಸೀದಾ ನಿನ್ನ ಹೊಟ್ಟಿಗೇ ಬರಾಕತ್ತದ ನೋಡು, ಕಂಪನಿ ನಿನ್ನಿಂದೇ ನಡದದ" ಎಂದು ನಮ್ಮ ಮನೆಯವರು ನಗಿಸಲು ನೋಡುತ್ತಿದ್ದರು. ನಗಿಸಿ ಹೊರಗೆ ಹೋಗಿ ಅಳುತ್ತಿದ್ದರು. ಅವರ ಕಣ್ಣು ಸುಳ್ಳು ಹೇಳಲು ಕಲಿತಿಲ್ಲ.

ಮನೆಗೆ ಬಂದ ಮೇಲೆ ಕಿಟಕಿಗಳಿಗೆಲ್ಲ ದಪ್ಪ ಪರದೆ ಬಂತು. ಹಗಲಲ್ಲೂ ದೀಪ ಹಾಕಿ ಕೂರುವ ಮನೆ. ಮೊದಲ ಕೆಲವು ತಿಂಗಳು ನಾನು ಸೂರ್ಯನ ಹೆಸರು ಎತ್ತಲಿಲ್ಲ. ಸಿಟ್ಟು. ಗೆಳೆಯ ಎಂದು ಕರೆದವನು ನನ್ನನ್ನು ಸುಟ್ಟ ಎಂಬ ಸಿಟ್ಟು. ಬಾಗಿಲ ಸಂದಿಯಿಂದ ನೆಲದ ಮೇಲೆ ಬೀಳುವ ಬೆಳಕಿನ ಗೆರೆಯನ್ನು ನೋಡಿದರೂ ಹಲ್ಲು ಕಡಿಯುತ್ತಿದ್ದೆ, ಅತ್ತು ಅತ್ತು ನಿದ್ದೆ ಹೋಗುತ್ತಿದ್ದೆ.

ಅದನ್ನು ಬಿಡಿಸಿದವಳು ರಜಿಯಾ ಆಪಾ. ನಮ್ಮ ಊರಿನವಳೇ, ನನಗಿಂತ ಮೊದಲೇ ಇದೇ ರೋಗ ಹೊತ್ತವಳು. ತಪಾಸಣೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕಿಟಕಿಯ ಕಡೆ ತಾನು ಕೂತು ನನ್ನನ್ನು ಒಳಗೆ ಕೂರಿಸುತ್ತಿದ್ದಳು. "ನನಗ ಬುರ್ಖಾ ಅದ, ನಿಮಗೇನದ?" ಅನ್ನುತ್ತಿದ್ದಳು. ಕಹಿ ಗುಳಿಗೆಯನ್ನು ಖರ್ಜೂರದೊಳಗೆ ಇಟ್ಟು ನುಂಗುವುದನ್ನು ಕಲಿಸಿದವಳೂ ಅವಳೇ. ಒಂದು ಸಲ ನಾನು ಜಪ ಬಿಟ್ಟ ವಿಷಯ ಹೇಳಿದೆ.

"ಯಾಕ್ ಬಿಟ್ರಿ?"

"ಅವನ್ನ ನೋಡಾಕ ಆಗಂಗಿಲ್ಲಲ್ಲ ಆಪಾ."

"ನೋಡ್ಲಿಕ್ಕ ಯಾರ್ ಹೇಳ್ಯಾರ? ಆವಾಜ್ ಕೊಡ್ರಿ. ಒಳಗ ಕುಂತು ಕರದ್ರ ಅವಗ ಕಿವಿ ಕೇಳಂಗಿಲ್ಲೇನು?" ಎಂದು ನನ್ನ ತೊಡೆಗೆ ಒಂದು ಏಟು ಕೊಟ್ಟಳು.

ಮರುದಿನ ಬೆಳಗ್ಗೆ ಪರದೆ ಹಾಕಿದ ಕೋಣೆಯಲ್ಲಿ ಕೂತು ಹನ್ನೆರಡು ಹೆಸರು ಹೇಳಿದೆ. ದನಿ ನನ್ನದೇ ಅಲ್ಲವೆನ್ನಿಸಿತು. ಮೊದಲಿನ ಸಮಾಧಾನ ಬರಲಿಲ್ಲ. ಆದರೆ ಸಿಟ್ಟು ಕರಗಿತು. ರೋಗಕ್ಕೆ ಕಾರಣ ಬೇಕು ಎಂದು ಯಾರನ್ನಾದರೂ ಹಿಡಿದುಕೊಂಡು ಬೈಯುವುದು ನನಗೆ ಅಲ್ಲಿಗೆ ಸಾಕಾಯಿತು.

ಆದರೆ ಅಪ್ಪನದು ಮುಗಿದಿರಲಿಲ್ಲ. ಒಂದು ದಿನ ಕಾಕಾ ಫೋನು ಮಾಡಿದ. "ಸುಮಾ, ಅಣ್ಣ ಮಾಳಗಿ ಹತ್ತೋದೇ ಬಿಟ್ಟಾನವ್ವಾ. ಹೈದ್ರಾಬಾದಿಂದ ಬಂದಾಗಿಂದ ಒಂದ್ ದಿನಾನೂ ನೀರ್ ಬಿಟ್ಟಿಲ್ಲ. ತಂಬಿಗಿನೂ ಅಂಗಡ್ಯಾಗಿನ ಹಳೀ ಸಾಮಾನಿನ ಜೋಡಿ ಮಾರಿಬಿಟ್ಟಾನ."

ಆ ತಂಬಿಗೆ ಅವನ ಅಜ್ಜನದು. ಹೊತ್ತು ಇಳಿದ ಮೇಲೆ ನಮ್ಮ ಮನೆಯವರ ಜೊತೆ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದೆ. ಅಪ್ಪ ಅಂಗಡಿಯಲ್ಲಿ ಗಿರಾಕಿಗಳಿಲ್ಲದೆ ಕೂತಿದ್ದ. ನನ್ನನ್ನು ಕಂಡವನೇ ಎದ್ದು ಬೀದಿಯ ಕಡೆಯ ಬಾಗಿಲು ಎಳೆದ. ಬಿಸಿಲು ಆಗಲೇ ಹೋಗಿಯಾಗಿತ್ತು.

"ಅಪ್ಪಾ, ರೋಗ ನಂದು. ನಿನ್ನ ದೇವ್ರನ್ನ ನೀ ಯಾಕ ಬಿಟ್ಟಿ?"

"ನಾ ಬಿಟ್ಟಿಲ್ಲ ತಾಯಿ. ಅವನ ಮುಂದ ನಿಂದ್ರಾಕ ನನಗ ಮಾರಿ ಇಲ್ಲ."

"ನೀ ಬೇಕಂತ ಮಾಡಿದ್ದೇನು? ನಾನೂ ಕುಂತಿದ್ನಲ್ಲ."

"ಮಗಳ ಗಲ್ಲದ ಮ್ಯಾಲ ಬ್ಯಾನಿ ಬಂದು ಕುಂತಿದ್ದು ನನಗ ಕಾಣಲಿಲ್ಲ," ಅಂದ. "ತೇಜ ಅಂದೆ. ಮಂದಿಗಿ ಕರದು ಕರದು ತೋರಸಿದೆ. ನಿನ್ನ ಬರಬ್ಯಾಡ ಅಂದವನ ಮುಂದ ನಾ ಒಬ್ಬನೇ ಹೋಗಿ ನಿಂದರ್ಲೇನು?"

ಏನು ಹೇಳಿದರೂ ಅವನು ಕೇಳಲಿಲ್ಲ. ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಈ ರೋಗದಲ್ಲಿ ನನಗೆ ಸಾಯುವ ಹೆದರಿಕೆ ಆಗಿದೆ, ಕೂದಲು ಹೋದಾಗ ನಾಚಿಕೆ ಆಗಿದೆ. ಆದರೆ ಇಡೀ ಬದುಕು ಒಂದೇ ದೇವರ ಕೈ ಹಿಡಿದು ಬಂದ ಮನುಷ್ಯ, ಈಗ ವಯಸ್ಸಾದ ಮೇಲೆ, ನನ್ನ ಸಲುವಾಗಿ ಆ ಕೈ ಬಿಟ್ಟದ್ದನ್ನು ನೋಡುವಷ್ಟು ಕಷ್ಟ ಬೇರೆ ಯಾವುದೂ ಆಗಲಿಲ್ಲ. ನನಗೆ ಗುಣವಾಗಲಿ ಎಂದು ಕೇಳುವುದನ್ನು ಬಿಟ್ಟೆ. ಅಪ್ಪ ಮತ್ತೆ ಆ ಹೆಸರುಗಳನ್ನು ಹೇಳಬೇಕು, ಅಷ್ಟೇ ನನಗೆ ಬೇಕಿತ್ತು.

ದಿನಾ ಬೆಳಗ್ಗೆ ಫೋನು ಹಚ್ಚಿ ಸ್ಪೀಕರ್ ಮೇಲೆ ಇಟ್ಟು ಜಪ ಮಾಡತೊಡಗಿದೆ. ಅಪ್ಪ ಫೋನು ಇಡುತ್ತಿರಲಿಲ್ಲ. ಅವನ ಉಸಿರು ಕೇಳುತ್ತಿತ್ತು. ಭಾಸ್ಕರಾಯ ನಮಃ ಎಂದು ನಾನು ಮುಗಿಸಿದ ಮೇಲೆ, "ಗುಳಗಿ ತಗೊಂಡಿ ಇಲ್ಲೋ?" ಎಂದು ಕೇಳುತ್ತಿದ್ದ. ಬೇರೆ ಮಾತಿಲ್ಲ. ವರ್ಷ ಕಳೆಯಿತು, ಇನ್ನೊಂದು ವರ್ಷವೂ ಕಳೆಯಿತು. ನನ್ನ ರೋಗ ಹದಕ್ಕೆ ಬಂತು, ಕತ್ತರಿ ಮತ್ತೆ ಕೈಗೆ ಬಂತು. ಅಪ್ಪನ ಬಾಯಿಂದ ಮಾತ್ರ ಒಂದು ಹೆಸರೂ ಬರಲಿಲ್ಲ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ನಾಲಿಗೆ ಅರ್ಧ ಹೋಯಿತು. ನಾನು ಹಟ ಮಾಡಿ ಹುಮನಾಬಾದಿಗೆ ಕರೆತಂದೆ. ವ್ಯಾಯಾಮ ಮಾಡಿಸಲು ಬರುತ್ತಿದ್ದವರು, ಇವರನ್ನು ಬೆಳಗ್ಗೆ ಗಾಳಿಗೆ ಬೆಳಕಿಗೆ ಕೂರಿಸಿ, ಗೊತ್ತಿರುವುದನ್ನೇ ಬಾಯಿಂದ ಹೇಳಿಸಿ, ನಾಲಿಗೆ ತಿರುಗಲಿ ಅಂದರು. ಗೊತ್ತಿರುವುದು ಅಂದರೆ ಅಪ್ಪನಿಗೆ ಇನ್ನೇನು ಗೊತ್ತು?

ನಮ್ಮ ಮನೆಯವರು ಬೆಳಗಿನ ಕೆಲಸಕ್ಕೆ ಹೋಗುವ ಮೊದಲು ಅವನನ್ನು ಎತ್ತಿಕೊಂಡು ಮಾಳಿಗೆಗೆ ಒಯ್ದು ಕುರ್ಚಿಯಲ್ಲಿ ಮೂಡಣಕ್ಕೆ ಮುಖ ಮಾಡಿ ಕೂರಿಸುತ್ತಿದ್ದರು. ನಾನು ಹೊರಗೆ ಹೋಗುವ ಹಾಗಿಲ್ಲ. ಮೆಟ್ಟಿಲ ತುದಿಯ ಬಾಗಿಲಿನ ಒಳಗೆ, ಕತ್ತಲಲ್ಲಿ, ಗವಸು ಹಾಕಿಕೊಂಡು ಕೂತು, ಬಾಗಿಲಿನಿಂದ ಅವನ ಬೆನ್ನಿಗೆ ಕೇಳಿಸುವ ಹಾಗೆ ಹೆಸರುಗಳನ್ನು ಕೂಗಿ ಹೇಳುತ್ತಿದ್ದೆ. ಒಂದೊಂದು ಹೆಸರಿನ ನಂತರವೂ ಕಾಯುತ್ತಿದ್ದೆ. ಅಪ್ಪ ತಲೆ ತಗ್ಗಿಸಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ದಿನಗಳು ಹೀಗೇ ಹೋದವು. ಹಟಮಾರಿ ಮುದುಕ ಎಂದು ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು.

ನಮ್ಮ ಆ ಬಾಗಿಲು ಮೂಡಣಕ್ಕೇ ಇದೆ. ಸೂರ್ಯ ಸ್ವಲ್ಪ ಮೇಲೆ ಬಂದರೆ ಬೆಳಕು ಒಳಗೆ ನುಗ್ಗಿ ನಾನು ಕೂತ ಮೆಟ್ಟಿಲಿಗೆ ಬರುತ್ತದೆ. ಒಂದು ಬೆಳಗ್ಗೆ ನಾನು ಜಪದಲ್ಲಿ ಮೈಮರೆತು ಹಿಂದೆ ಸರಿಯುವುದು ತಡವಾಯಿತು. ಬಿಸಿಲು ನನ್ನ ಪಾದದ ಮೇಲೆ ಬಂದಿತ್ತು. ಅಪ್ಪ ಯಾವಾಗ ಕತ್ತು ತಿರುಗಿಸಿ ನೋಡಿದನೋ ಗೊತ್ತಿಲ್ಲ. ಗಂಟಲಿನಿಂದ ಒಂದು ಕೂಗು ಬಂತು. ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿಯತೊಡಗಿದ. ನಮ್ಮ ಮನೆಯವರು ಓಡಿ ಬಂದು, "ಏನ್ ಬೇಕ್ರಿ ಮಾವ? ನೀರ್ ಬೇಕೇನು? ಕೆಳಗ ಹೋಗೂನೇನು?" ಎಂದು ಕೇಳಿದರು. ಅವನು ಕೈಯಿಂದ ಬಾಗಿಲು ತೋರಿಸಿದ, ತನ್ನನ್ನು ತೋರಿಸಿದ, ಮತ್ತೆ ಬಾಗಿಲು ತೋರಿಸಿದ. ಅವರು ಕುರ್ಚಿಯನ್ನು ಆ ಕಡೆ ಈ ಕಡೆ ಸರಿಸಿದರು. ಅಪ್ಪ ತಲೆ ಅಲ್ಲಾಡಿಸುತ್ತಲೇ ಇದ್ದ. ಕೊನೆಗೆ ಕುರ್ಚಿಯನ್ನು ಎಳೆದು ಬಾಗಿಲಿನ ನಡುವೆಯೇ ಇಟ್ಟು, ಅವನನ್ನು ನನ್ನ ಕಡೆಗೆ ತಿರುಗಿಸಿದಾಗ ಬಡಿಯುವುದನ್ನು ನಿಲ್ಲಿಸಿದ.

ಅಪ್ಪ ಸೂರ್ಯನಿಗೆ ಬೆನ್ನು ಕೊಟ್ಟು ಕೂತಿದ್ದ. ಜಪದ ಹೊತ್ತಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿದವರನ್ನು ನಾನು ಕಂಡಿಲ್ಲ, ಅವನೂ ಕಂಡಿರಲಿಕ್ಕಿಲ್ಲ. ಅವನ ನೆರಳು ನನ್ನ ತಲೆಯಿಂದ ಪಾದದ ತನಕ ಪೂರಾ ಬಿದ್ದಿತ್ತು. ಹೈದರಾಬಾದಿನಿಂದ ಬಂದ ಮೇಲೆ ಮೊದಲ ಸಲ ಅವನು ನನ್ನ ಮುಖವನ್ನು ನೇರವಾಗಿ ನೋಡಿದ. ವಾರೆಯಾದ ಬಾಯಿಂದ ಒಂದು ಮಾತು ಹೊರಡಿಸಿದ.

"ಅನ್ನು."

"ಓಂ ಮಿತ್ರಾಯ ನಮಃ," ಅಂದೆ.

"ಮಿತಾಯ," ಅಂದ ಅಪ್ಪ.

ಹನ್ನೆರಡನ್ನೂ ಹೇಳಿದ. ಹಿರಣ್ಯಗರ್ಭಾಯ ಎಂಬುದು ಅವನ ನಾಲಿಗೆಗೆ ಒಗ್ಗದೆ ಎಲ್ಲೆಲ್ಲೋ ಹೋಯಿತು, ಜೊಲ್ಲು ಸುರಿಯಿತು. ನಾನು ಒರೆಸಲು ಎದ್ದರೆ ಎಡಗೈ ಚಾಚಿ ನನ್ನನ್ನು ನೆರಳಿನಲ್ಲೇ ಕೂರಿಸಿದ. ನಾನು ಅಳುತ್ತಲೇ ಮುಂದಿನ ಹೆಸರು ಹೇಳಿದೆ, ಅವನು ಅದನ್ನೂ ಹೇಳಿದ. ನಮ್ಮ ಮನೆಯವರು ಅವತ್ತು ಕೆಲಸಕ್ಕೆ ತಡವಾಗಿ ಹೋದರು.

ಆಮೇಲೆ ದಿನಾ ಹಾಗೆಯೇ. ಅವನು ಬಿಸಿಲಿಗೆ ಬೆನ್ನು ಕೊಟ್ಟು ಬಾಗಿಲು ತುಂಬಿ ಕೂರುವುದು, ನಾನು ಅವನ ನೆರಳಿನಲ್ಲಿ ಕೂರುವುದು. ಆಷಾಢದ ಹೊತ್ತಿಗೆ ಇನ್ನೊಂದು ಸಲ ಲಕ್ವ ಹೊಡೆದು ಅಪ್ಪ ಹೋದ. ದವಾಖಾನೆಗೆ ಒಯ್ಯುವಷ್ಟೂ ಸಮಯ ಕೊಡಲಿಲ್ಲ.

ಔರಾದ ಕಡೆಯ ಆ ಹುಡುಗಿ ಇದನ್ನು ಓದಿದರೆ ಒಂದೇ ಮಾತು ಹೇಳುತ್ತೇನೆ. ಇದು ಯಾವ ಪಾಪಕ್ಕೂ ಬಂದದ್ದಲ್ಲ ತಂಗಿ. ನಮ್ಮಪ್ಪನಿಗೆ ಅದನ್ನು ಒಪ್ಪಿಸಲು ನನಗೆ ಆಗಲಿಲ್ಲ. ನೀನಾದರೂ ಒಪ್ಪಿಕೋ, ನಿನ್ನ ಮನೆಯವರನ್ನೂ ಒಪ್ಪಿಸು.

ಈಗಲೂ ಬೆಳಗ್ಗೆ ನಾನು ಅದೇ ಮೆಟ್ಟಿಲ ಮೇಲೆ ಕೂರುತ್ತೇನೆ. ಅಡ್ಡ ಕೂರುವವರು ಇಲ್ಲದ್ದರಿಂದ ಬಾಗಿಲು ಹಾಕಿಕೊಳ್ಳಬೇಕು. ತಗಡಿನ ಬಾಗಿಲು. ಕತ್ತಲಲ್ಲಿ ಹನ್ನೆರಡು ಹೆಸರು ಹೇಳಿ ಮುಗಿಸಿ, ಗವಸು ತೆಗೆದು, ಅಪ್ಪನ ಎದೆ ಇರುತ್ತಿದ್ದಷ್ಟು ಎತ್ತರದಲ್ಲಿ ಬಾಗಿಲಿಗೆ ಅಂಗೈ ಇಡುತ್ತೇನೆ. ಆ ಹೊತ್ತಿಗೆ ತಗಡು ಬೆಚ್ಚಗಾಗಿರುತ್ತದೆ.